ತೇಲುವ ಬೇಲಿ

"ಬೀಗ ತೆಗಿ ಅಣ್ಣಾ. ಇಳಿತ ಮುಗೀತು, ಇನ್ನು ನೀರು ಒಳಕ್ಕೆ ಏರುತ್ತೆ," ಎಂದ ತಮ್ಮ. ಎಣ್ಣೆ ಕಂಪನಿಯ ಉಗ್ರಾಣ ನೋಡಿಕೊಳ್ಳುವ ಅಣ್ಣನ ಒಂದು ಕೈಯಲ್ಲಿ ಕೀಲಿಕೈ, ಇನ್ನೊಂದರಲ್ಲಿ ಫೋನು. ಕಡಲಿನಲ್ಲಿ ಕಂಪನಿಯ ಕೊಳವೆ ಒಡೆದು ಬೆಳಗಿನಿಂದ ಎಣ್ಣೆ ಉಕ್ಕುತ್ತಿತ್ತು. ಅದು ಹೊಳೆ ಕಡಲು ಸೇರುವ ಅಳಿವೆಗೆ ನುಗ್ಗಿದರೆ, ತಮ್ಮ ಅಲ್ಲಿ ಹಗ್ಗ ಕಟ್ಟಿ ಬೆಳೆಸಿದ ಚಿಪ್ಪುಮೀನುಗಳ ಕಥೆ ಮುಗಿದಂತೆಯೇ. ಎಣ್ಣೆಗೆ ಅಡ್ಡ ಹಾಕುವ ರಬ್ಬರಿನ ಬೇಲಿ, ಗಾಳಿ ತುಂಬಿದರೆ ನೀರಿನ ಮೇಲೆ ತೇಲುವಂಥದ್ದು, ಆ ಬಾಗಿಲ ಹಿಂದೆಯೇ ಇತ್ತು.

"ಸ್ವಲ್ಪ ತಾಳಪ್ಪ, ಮೇಲಿಂದ ಅಪ್ಪಣೆ ಬರಲಿ," ಎಂದರು ಫೋನಿನಲ್ಲಿ ಸಾಹೇಬರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರಿಗೂ ಇವರಿಗಿಂತ ಅವಸರವಿರುತ್ತದೆ.

"ಬೆಳಗಿಂದ ತಾಳ್ತಾನೇ ಇದೀನಿ ಸಾರ್. ಎಣ್ಣೆ ತಾಳಬೇಕಲ್ಲ."

ಅಷ್ಟು ಹೇಳಿ ಅಣ್ಣ ಫೋನು ಜೇಬಿಗಿಟ್ಟ. ಕೆಲಸ ಹೋದರೆ ಹೋಗಲಿ ಎಂದು ಬೀಗ ತೆಗೆದ. ಪುಣ್ಯಾತ್ಮ, ಸಾಹೇಬರ ಮಾತು ಮೀರಿದ್ದು ಅದೇ ಮೊದಲು.

ದೋಣಿಯಿಂದ ಬೇಲಿಯನ್ನು ಬಿಚ್ಚುತ್ತಾ ಹೋದರು. ಮೊದಲ ತುಂಡು ಬುಸ್ಸೆಂದು ಉಬ್ಬಿ ತೇಲಿತು. "ಭೇಷ್," ಎಂದ ತಮ್ಮ. ಎರಡನೆಯದಕ್ಕೆ ಪಂಪು ಹಚ್ಚಿದರೆ, ಮಡಿಕೆ ಮಡಿಕೆಯಲ್ಲೂ ರಬ್ಬರು ಬಿರಿದು ಗಾಳಿ ಸೋರಿತು. ಮೂರನೆಯದೂ ಅಷ್ಟೇ. ಉಳಿದವೆಲ್ಲ ಒದ್ದೆ ಕಂಬಳಿಯಂತೆ ಮುಳುಗಿದವು.

ಅಣ್ಣನಿಗೆ ಕಾರಣ ಗೊತ್ತಿತ್ತು. ವರ್ಷವರ್ಷವೂ ತಪಾಸಣೆಗೆ ಬಂದವರ ಮುಂದೆ ಅವನು ಮೊದಲ ತುಂಡಿಗಷ್ಟೇ ಗಾಳಿ ತುಂಬುತ್ತಿದ್ದ. ಪೂರ್ತಿ ಬಿಚ್ಚಿದರೆ ಮತ್ತೆ ಮಡಿಚಿಡುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಲದಾ ಸಾರ್?" ಎಂದು ನಗಿಸುತ್ತಿದ್ದ. ಅವರೂ ನಕ್ಕು ಸಹಿ ಹಾಕಿ ಹೋಗುತ್ತಿದ್ದರು. ಉಳಿದ ತುಂಡುಗಳು ಮಡಿಚಿದಲ್ಲೇ ಒಣಗುತ್ತಾ ಬಿದ್ದಿದ್ದವು.

ಎಣ್ಣೆ ಬಂತು. ತೇಲುತ್ತಿದ್ದ ಆ ಒಂದು ತುಂಡನ್ನು ಸುತ್ತಿ ಬಳಸಿ ನಿಧಾನವಾಗಿ ಒಳಗೆ ಹೋಯಿತು. ತಮ್ಮ ಒಂದು ಹಗ್ಗವನ್ನು ಮೇಲೆತ್ತಿದ. ಎಳೆಯ ಚಿಪ್ಪುಗಳಿಂದ ಕರಿ ಎಣ್ಣೆ ತೊಟ್ಟಿಕ್ಕಿತು. ಅವನು ಅದನ್ನು ಮೆಲ್ಲನೆ ನೀರಿಗೇ ಬಿಟ್ಟ. ಅಣ್ಣನಿಗೆ ಅಳು ತಡೆಯಲಾಗಲಿಲ್ಲ.

"ಹೋಗ್ಲಿ ಬಿಡಣ್ಣಾ, ನೀನ್ಯಾಕೆ ಅಳ್ತೀಯ?" ತಮ್ಮ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನ ಭುಜ ಹಿಡಿದ. "ಕೆಲಸಾನೂ ಲೆಕ್ಕಿಸದೆ ನನಗೋಸ್ಕರ ಬೀಗ ತೆಗೆದೆ. ಕಂಪನಿಯವರು ಹಾಳು ಮಾಲು ಕೊಟ್ಟಿದ್ರೆ ಅದಕ್ಕೆ ನೀನೇನು ಮಾಡ್ತೀಯ?"

"ಇಲ್ಲ ಕಣೋ," ಎಂದ ಅಣ್ಣ. "ಕೊಟ್ಟಾಗ ಎಲ್ಲಾ ಹೊಸದೇ ಇತ್ತು."