ಎಸ್ತೆರ್ ಕಳಿಸಿದ ಗಡ್ಡೆಗಳು

ಹೂಕುಂಡದ ಮಣ್ಣನ್ನು ಯಾರೋ ಕೆದಕಿದ್ದರು.

ಯೂಸ್ಟೇಸ್ ಬೆಳಿಗ್ಗೆ ಬಾವಿಕಟ್ಟೆಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದ. ನಿನ್ನೆ ಸಂಜೆ ಅವನೇ ಅಂಗೈಯಿಂದ ತಟ್ಟಿ ಸಮ ಮಾಡಿದ್ದ ಮಣ್ಣು ಈಗ ಒಂದು ಬದಿಯಲ್ಲಿ ಉಬ್ಬಿತ್ತು. ಬೆರಳಿನ ಗುರುತುಗಳಿದ್ದವು. ಮಂಗಳೂರಿನ ದೇರೆಬೈಲಿನ ಆ ಮನೆಯಲ್ಲಿ ಈಗ ಅವನನ್ನು ಬಿಟ್ಟರೆ ಇದ್ದವಳು ಹೆಂಡತಿ ಫ್ಲಾವಿಯಾ ಒಬ್ಬಳೇ.

ಹಾಗಾದರೆ ಅವಳಿಗೆ ಗೊತ್ತಾಯಿತೇ?

ಗೊತ್ತಾಗಲೇಬಾರದಿತ್ತು. ಆ ಕುಂಡವೊಂದೇ ಅವಳ ಜೀವ ಹಿಡಿದಿಟ್ಟಿದೆ ಎಂದು ಅವನು ನಂಬಿದ್ದ.

ಮಗಳು ಎಸ್ತೆರ್ ನರ್ಸಿಂಗ್ ಕಲಿಯಲು ಹಾಲೆಂಡಿಗೆ ಹೋಗಿದ್ದಳು. ಸಾವಿರದ ಒಂಬೈನೂರ ಐವತ್ತೇಳರ ಸೆಪ್ಟೆಂಬರಿನಲ್ಲಿ, ಮೇರಿ ಮಾತೆಯ ಮೊಂತಿ ಹಬ್ಬ ಕಳೆದು ವಾರವಾಗುವಷ್ಟರಲ್ಲಿ ತಂತಿ ಬಂತು. ಜ್ವರ, ಮರಣ, ಅಲ್ಲಿಯೇ ದಫನ. ತಂತಿಯ ಹಿಂದೆಯೇ, ಅವಳು ಬದುಕಿದ್ದಾಗ ಹಡಗಿನ ಅಂಚೆಗೆ ಹಾಕಿದ ಕಾಗದವೂ ಬಂತು. "ಪಪ್ಪಾ, ನಮ್ಮ ಬಂದರಿನ ಉಸ್ಮಾನ್ ಅವರು ಕೆಲಸ ಮಾಡುವ ಹಡಗು ಇಲ್ಲಿಗೆ ಬಂದಿತ್ತು. ಅವರ ಕೈಯಲ್ಲಿ ಟುಲಿಪ್ ಹೂವಿನ ಗಡ್ಡೆ ಕಳಿಸಿದ್ದೇನೆ. ತಂಪಿನಲ್ಲಿಟ್ಟು ಬೆಳೆಸಿ. ನಾನು ಇಲ್ಲಿ ನೋಡುವ ಹೂವನ್ನು ನೀವು ಅಲ್ಲಿ ನೋಡಬೇಕು."

ತಂತಿ ಬಂದಂದಿನಿಂದ ಆರಾಮಕುರ್ಚಿ ಬಿಟ್ಟು ಅಲುಗದಿದ್ದ ಯೂಸ್ಟೇಸ್ ಎದ್ದು ನಿಂತ.

"ಎಲ್ಲಿ ಆ ಗಡ್ಡೆ?"

ಫ್ಲಾವಿಯಾ ಅವನ ಮುಖವನ್ನೇ ನೋಡಿದಳು. ಒಳಗೆ ಹೋದವಳು ಬಹಳ ಹೊತ್ತಿನ ಮೇಲೆ ಬಟ್ಟೆಯ ಚೀಲ ಹಿಡಿದು ಬಂದಳು. "ಇಲ್ಲಿ ಉಂಟು," ಎಂದಳು. ಚೀಲವನ್ನು ಅವನ ಕೈಗಿಟ್ಟು ಮುಖ ತಿರುಗಿಸಿದಳು. ಮಗಳು ಕಳಿಸಿದ್ದನ್ನು ತಾಯಿ ಹೇಗೆ ನೋಡಿಯಾಳು?

ಗಡ್ಡೆಗಳನ್ನು ಕುಂಡದಲ್ಲಿ ನೆಟ್ಟದ್ದಾಯಿತು, ಆದರೆ ಮಂಗಳೂರಿನ ಸೆಕೆಯಲ್ಲಿ ತಂಪು ಎಲ್ಲಿಂದ ತರುವುದು? ಹಂಚಿನ ಕಾರ್ಖಾನೆಯ ಗುಮಾಸ್ತಿಕೆ ಮುಗಿಸಿ ಅವನು ಸಂಜೆ ಬಂದರಿಗೆ ಇಳಿಯತೊಡಗಿದ. ಹಡಗಿನ ಕೆಲಸ ಬಿಟ್ಟು ಬಂದ ಉಸ್ಮಾನ್ ಅಲ್ಲಿ ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬಿಸುತ್ತಿದ್ದ. ಊರಿನ ಎಲ್ಲರಂತೆ ಅವನೂ ಕ್ರೈಸ್ತರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದ.

"ಎಂತ ಪೊರ್ಬುಗಳೇ, ದಿನಾ ಬರೀ ಐಸ್ ಕೊಂಡುಹೋಗ್ತೀರಿ, ಮೀನು ಬೇಡ್ವಾ? ಐಸಿಗೇ ಪುಳಿಮುಂಚಿ ಸಾರು ಮಾಡ್ಲಿಕ್ಕುಂಟಾ?"

ಯೂಸ್ಟೇಸ್ ಕಾರಣ ಹೇಳಿದ. ಉಸ್ಮಾನನ ನಗು ನಿಂತಿತು.

"ಹಬ್ಬದ ದಿನ ಬೆಳಿಗ್ಗೆ ನಾನೇ ತಂದದ್ದು ಮಾರಾಯ್ರೇ. ನೀವು ಇಗರ್ಜಿಯ ಪೂಜೆಗೆ ಹೋಗಿದ್ರಿ. ಪೊರ್ಬುಗಳಿಗೆ ಕೊಡು ಅಂತ ಹೇಳಿ ಹಿತ್ತಿಲ ಬಾಗಿಲಲ್ಲಿ ಕೆಲಸದವಳ ಕೈಗೆ ಕೊಟ್ಟು ಬಂದೆ." ದೊಡ್ಡದೊಂದು ತುಂಡನ್ನು ಉಮಿಯಲ್ಲಿ ಹೊರಳಿಸಿ, ಗೋಣಿಯಲ್ಲಿ ಸುತ್ತಿ ಕೊಟ್ಟ.

ಹಬ್ಬದ ದಿನ! ಆ ಮನೆ ನಕ್ಕದ್ದು ಅದೇ ಕೊನೆ. ಮೊಂತಿಯೆಂದರೆ ಹೊಸ ಅಕ್ಕಿಯ ಊಟ. ಮೀನು ಮಾಂಸ ಇಲ್ಲ, ತರಕಾರಿ ಪದಾರ್ಥಗಳೂ ಬೆಸ ಸಂಖ್ಯೆಯಲ್ಲೇ ಇರಬೇಕು. ಬೆಂಡೆ, ಹೀರೆ, ಹರಿವೆ, ಕೆಸು ಎಂದು ನಾಲ್ಕಕ್ಕೆ ನಿಂತಾಗ ಅಡುಗೆ ಕೆಲಸದ ಬಾಗಿ, ಹೇಗೋ ಇನ್ನೊಂದು ಸೇರಿಸಿ ಮಾನ ಉಳಿಸಿದ್ದಳು. ಯೂಸ್ಟೇಸನಿಗೆ ಸಿಕ್ಕಾಪಟ್ಟೆ ಹಸಿವು. ಕಾಯಿತುರಿ ಹಾಕಿದ ಆ ಸಿಹಿ ಪಲ್ಯವನ್ನು ತಳ ಕೆರೆಸಿ ಬಡಿಸಿಕೊಂಡಿದ್ದ. "ನನಗೆ ಒಂದು ತುಂಡೂ ಉಳಿಸಲಿಲ್ಲ ನೀವು!" ಎಂದು ಫ್ಲಾವಿಯಾ ಸೌಟು ಎತ್ತಿ ಗದರಿ ನಕ್ಕಿದ್ದಳು. ಆಮೇಲೆ ಅವನ ಹೊಟ್ಟೆ ಹಿಡಿದುಕೊಂಡದ್ದು, ಅವನು ಹೊಸ ಅಕ್ಕಿಯನ್ನು ಬೈದದ್ದು ಎಲ್ಲ ಈಗ ಸುಖದ ನೆನಪು. ಬಾಗಿಯೂ ಈಗ ಇಲ್ಲ. ಕಾಗದ ಬಂದ ಮೇಲೆ ಫ್ಲಾವಿಯಾ ಯಾಕೋ ಅವಳನ್ನು ಬಿಡಿಸಿದ್ದಳು.

ಕ್ರಿಸ್ಮಸ್ ಕಳೆಯಿತು. ಕುಂಡದಲ್ಲಿ ಏನೂ ಮೊಳೆಯಲಿಲ್ಲ. ಆದರೂ ದಿನವೂ ಅವನು ಐಸ್ ಇಡುವಾಗ ಫ್ಲಾವಿಯಾ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆಮೇಲೆ ಎರಡು ತುತ್ತು ಗಂಜಿ ಇಬ್ಬರ ಗಂಟಲಲ್ಲೂ ಇಳಿಯುತ್ತಿತ್ತು.

ಹಿಂದಿನ ಆದಿತ್ಯವಾರ ಅವಳು ಇಗರ್ಜಿಗೆ ಹೋಗಿದ್ದಾಗ ತಾಳಲಾರದೆ ಮಣ್ಣು ಅಗೆದ. ಐಸಿನ ನೀರಿಗೆ ಎಲ್ಲ ಕೊಳೆತು ಲೋಳೆಯಾಗಿತ್ತು. ಒಂದು ಮಾತ್ರ ಅರೆಗಟ್ಟಿ ಇತ್ತು. ಒಳಗಾದರೂ ಜೀವ ಇದೆಯೇ ಎಂದು ಚೂರಿಯಿಂದ ಕೊಯ್ದ. ಅದೂ ಕಪ್ಪು. ಅವನ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯಿತು. ತಂತಿ ಬಂದ ದಿನವೂ ಅತ್ತಿರಲಿಲ್ಲ. ಕೊನೆಗೂ ಅಳು ಬಂತಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು.

ಎಲ್ಲವನ್ನೂ ತೆಂಗಿನ ಬುಡದಲ್ಲಿ ಹೂತು, ಅಡುಗೆಮನೆಯಿಂದ ಅದೇ ಥರ ಕಾಣುವ ನೀರುಳ್ಳಿ ತಂದು ಕುಂಡದಲ್ಲಿಟ್ಟ. ಒಂದು ಹಸಿರು ಕುಡಿ ಎದ್ದರೆ ಸಾಕು, ಅವಳು ಬದುಕಿಯಾಳು. ಎಲೆ ಬಲಿತ ಮೇಲೆ? ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಮಣ್ಣು ಮುಚ್ಚಿದ.

ಈಗ ಈ ಬೆರಳ ಗುರುತು.

ಆ ದಿನ ಕಾರ್ಖಾನೆಯಲ್ಲಿ ಅವನಿಗೆ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಸಂಜೆ ಐಸಿನ ಗಂಟು ಹಿಡಿದು ಹಿತ್ತಿಲಿಗೆ ಬಂದರೆ, ಫ್ಲಾವಿಯಾ ಕುಂಡದ ಮುಂದೆ ಕುಳಿತಿದ್ದಳು. ಮೈಕೈಯೆಲ್ಲ ಮಣ್ಣು. ನೀರುಳ್ಳಿಗಳು ಅವಳ ಮಡಿಲಲ್ಲಿದ್ದವು.

"ತಪ್ಪಾಯ್ತು ಫ್ಲಾವಿ," ಎಂದ ಅವನು. "ಎಲ್ಲ ಕೊಳೆತುಹೋಗಿತ್ತು. ನಿನಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ನೀರುಳ್ಳಿ ಇಟ್ಟದ್ದು ನಾನೇ."

"ನೀವಾ?" ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಇಷ್ಟು ಐಸಿನ ನೀರು ಕುಡಿದೂ ಇದು ಹೇಗೆ ಹೊಸತಾಗಿಯೇ ಉಂಟು ಅಂತ ನಿನ್ನೆ ರಾತ್ರಿಯಿಂದ ಯೋಚನೆ ಮಾಡ್ತಾ ಇದ್ದೆ. ನಾನಿಟ್ಟದ್ದೇ ಅಂತ ತಿಳಿದೆ."

"ನೀನಿಟ್ಟದ್ದಾ?"

"ಚೀಲದಲ್ಲಿ ನಿಮಗೆ ಕೊಟ್ಟದ್ದೂ ನೀರುಳ್ಳಿಯೇ. ಅವತ್ತು ನೀವು ಕುರ್ಚಿಯಿಂದ ಎದ್ದಿರಲ್ಲ... ಗಡ್ಡೆ ಇಲ್ಲ ಅಂತ ನಾನು ಹೇಗೆ ಹೇಳ್ಲಿ?"

ಗೋಣಿಯಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಹಾಗಾದ್ರೆ ಎಸ್ತೆರ್ ಕಳಿಸಿದ್ದು?"

"ಬಾಗಿಗೆ ಎಂತ ಗೊತ್ತು, ಪಾಪ. ಹಬ್ಬದ ದಿನ ನಾಲ್ಕೇ ಪದಾರ್ಥ ಇತ್ತು. ಐದು ಆಗ್ಬೇಕಿತ್ತು."

ಫ್ಲಾವಿಯಾ ಮಣ್ಣಿನ ಕೈಯನ್ನು ಸೆರಗಿಗೆ ಮೆಲ್ಲಗೆ ಒರೆಸಿಕೊಂಡಳು.

"ನನಗೆ ಒಂದು ತುಂಡೂ ಉಳಿಸಲಿಲ್ಲ ನೀವು."