ಗೋಡೆಗೆ ಹೊದಿಸಿದ ಕೌದಿ

ಮ್ಯಾನೇಜರ್ ಗಂಗಾಧರಯ್ಯ ಆಫೀಸಿನ ನಟ್ಟನಡುವೆ ನಿಂತು ಚಪ್ಪಾಳೆ ತಟ್ಟಿದರು. ಸದ್ದು ಬರಿಗೋಡೆಗೆ ಬಡಿದು, ಮೇಲಿನ ಶೀಟಿಗೆ ತಗುಲಿ, ವಾಪಸು ಬಂತು.

“ಕೇಳಿಸ್ತೇನ್ರೀ? ಒಂದು ಹೊಡೆದ್ರೆ ಮೂರು ಕೇಳುತ್ತೆ. ಸದ್ದು ಜಾಸ್ತಿ ಅಂತ ನನಗೆ ದೂರು ಬಂದಿದೆ.”

ದೂರು ಎಂಬ ಮಾತು ಕಿವಿಗೆ ಬಿದ್ದದ್ದೇ ಹೆಡ್ ಕ್ಲರ್ಕ್ ಗುರುಸಿದ್ದಯ್ಯ ಮುಂದಿದ್ದ ಫೈಲಿನ ಮೇಲೆ ತಲೆ ಬಗ್ಗಿಸಿದ. ದೂರು ಬರೆದವನು ಅವನೇ. ಹೆಸರಿಲ್ಲ, ರುಜುವಿಲ್ಲ, ಅಪ್ಪಟ ಮೂಕರ್ಜಿ.

ರಾಜಾಜಿನಗರದ ಆ ಬೋಲ್ಟು ಕಾರ್ಖಾನೆಯಲ್ಲಿ ಅವನದು ಇಪ್ಪತ್ತೆರಡು ವರ್ಷದ ಸರ್ವೀಸು. ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಆದರೆ ಅಕ್ಕನ ಮಗಳು ಶಿವಗಂಗಾ ಟೈಪಿಂಗ್ ಪಾಸು ಮಾಡಿ ಮನೆಯಲ್ಲಿ ಕೂತಿದ್ದಳು. ಆಫೀಸಿನಲ್ಲಿದ್ದದ್ದು ಒಂದೇ ಟೈಪಿಸ್ಟ್ ಕುರ್ಚಿ. ಅದರಲ್ಲಿ ಎಂಟು ತಿಂಗಳಿಂದ ಕೂತಿದ್ದವಳು ಜಗದಾಂಬಾ. ಧಾರವಾಡದ ಕಡೆಯ ಹುಡುಗಿ. ವಿಧವೆ ತಾಯಿ ನೀಲಗಂಗಮ್ಮನಿಗೆ ಅವಳ ಸಂಬಳವೇ ಗತಿ.

ಒಂದು ಭಾನುವಾರ ಗುರುಸಿದ್ದಯ್ಯ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಬರೆದ. ಒಂದು: ಟೈಪ್ ಮಿಷಿನ್ನಿನ ಗದ್ದಲದಿಂದ ಯಾರಿಗೂ ಕೆಲಸ ಮಾಡಲಾಗುತ್ತಿಲ್ಲ. ಎರಡು: ಟೈಪಿಸ್ಟಳ ನಡತೆ ನೆಟ್ಟಗಿಲ್ಲ. ಮೊದಲನೆಯದು ನಿಜ. ಎರಡನೆಯದು ಹಸಿ ಸುಳ್ಳು. ನಿಜದ ಬೆನ್ನಿಗೆ ಕಟ್ಟಿದರೆ ಸುಳ್ಳೂ ಕಾಲು ಹಾಕುತ್ತದೆಂದು ಅವನ ಎಣಿಕೆ.

ವಿಜಯನಗರದವರೆಗೆ ನಡೆದು ಹೋಗಿ ಡಬ್ಬಿಗೆ ಹಾಕಿ ಬಂದ. ಆಫೀಸಿನ ಟಪಾಲು ಒಡೆಯುವುದು ಅವನದೇ ಕೆಲಸ. ತನ್ನ ಕಾಗದವನ್ನು ತಾನೇ ಒಡೆದು ಸಾಹೇಬರ ಕೈಗಿಡಲು ಮುಖವಾದರೂ ಎಲ್ಲಿದೆ? ಜ್ವರ ಎಂದು ಎರಡು ದಿನ ರಜೆ ಹಾಕಿದ.

ರಜೆ ಮುಗಿಸಿ ಬಂದರೆ ಈ ಚಪ್ಪಾಳೆ.

“ಟಾಕೀಸಿನ ಗೋಡೆಗೆ ಮೆತ್ತೆ ಹಾಕಿರ್ತಾರಲ್ಲ, ಸದ್ದು ಹೀರಿಕೊಳ್ಳೋಕೆ? ಹಾಗೇ ನಾವೂ ಹಾಕ್ಸೋಣ. ಐಡಿಯಾ ಜಗದಾಂಬಾದು,” ಎಂದರು ಗಂಗಾಧರಯ್ಯ.

ಗುರುಸಿದ್ದಯ್ಯ ತಲೆ ಎತ್ತಲಿಲ್ಲ. ಎರಡನೆಯ ದೂರಿನ ಬಗ್ಗೆ ಸಾಹೇಬರು ತುಟಿ ಬಿಚ್ಚಲಿಲ್ಲ. ಒಳಗೊಳಗೇ ವಿಚಾರಣೆ ನಡೆಸುತ್ತಿರಬೇಕು ಎಂದುಕೊಂಡ. ಅವತ್ತಿನಿಂದ ಅವನ ಊಟ ನಿದ್ದೆ ಕೆಟ್ಟಿತು.

ಮರದ ಚೌಕಟ್ಟು ಬಂತು. ಅದಕ್ಕೆ ತೆಂಗಿನ ನಾರಿನ ದಪ್ಪ ಚಾಪೆ ಬಿಗಿದದ್ದಾಯಿತು. ಮೇಲೆ ಹೊದಿಸಲು ಜಗದಾಂಬಾ ಮತ್ತು ಅವಳ ತಾಯಿ ತಿಂಗಳೆಲ್ಲ ಕೂತು ಹಳೆಯ ಸೀರೆಗಳ ತುಂಡು ಜೋಡಿಸಿ ಆರು ಕೌದಿ ಹೊಲಿದರು. ಕೆಂಪು ಇಳಕಲ್ ಸೆರಗು, ಹಸಿರು ಅಂಚು, ಹತ್ತಿರ ಹತ್ತಿರ ಬಿಳಿ ಹೊಲಿಗೆ. ಬೋಳು ಗೋಡೆಗೆ ಹಬ್ಬದ ಕಳೆ ಬಂತು. ಗಂಗಾಧರಯ್ಯ ಮತ್ತೆ ಚಪ್ಪಾಳೆ ತಟ್ಟಿದರು. ಸದ್ದು ಹೋದದ್ದು ವಾಪಸು ಬರಲೇ ಇಲ್ಲ. ಟೈಪ್ ಮಿಷಿನ್ನು ಈಗ ಪಕ್ಕದ ಮನೆಯಲ್ಲಿ ಯಾರೋ ಕಡಲೆಕಾಯಿ ಹುರಿದಷ್ಟೇ ಕೇಳುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕೌದಿಯನ್ನು ಜಗದಾಂಬಾ ಗುರುಸಿದ್ದಯ್ಯನ ಕುರ್ಚಿಯ ಹಿಂದೆಯೇ ಹಾಕಿಸಿದಳು.

“ಇದನ್ನ ನಾನಽ ಹೊಲಿದೀನ್ರಿ ಸರ್. ಕೌದಿ ಹೊಟ್ಟಿ ಖಾಲಿ ಬಿಟ್ಟು ಮುಚ್ಚಬಾರದ್ರಿ. ನಮ್ಮ ಕಡೆ ಕಡೀ ಹೊಲಿಗಿ ಹಾಕೋ ಮುಂದ ಒಂದ್ ಚೂರು ರೊಟ್ಟಿ ಇಡತಾರ್ರಿ. ಹೊದ್ದವರು ಉಪವಾಸ ಇರಬಾರದು ಅಂತ.”

“ಹೌದೇನಮ್ಮಾ,” ಎಂದ.

ಕೆಲಸಕ್ಕೆ ಸೇರಿದ ದಿನ ಅವಳಿಗೆ ಕರಡು ಬರೆಯುವುದನ್ನು ಕಲಿಸಿದವನು ಅವನೇ. ಕಾಗದದ ಕಾಲು ಭಾಗವನ್ನು ಎಡಕ್ಕೆ ಮಡಚಿ ತೋರಿಸಿ, “ಇಲ್ಲಿ ಏನೂ ಬರೀಬಾರದು ಕಣಮ್ಮಾ. ಇದು ಮೇಲಿನವರು ಷರಾ ಬರೆಯೋ ಜಾಗ,” ಎಂದಿದ್ದ. ಮನೆಗೆ ಕಾಗದ ಬರೆದರೂ ಹಾಗೆ ಮಡಚದೆ ಅವನ ಕೈ ಓಡುತ್ತಿರಲಿಲ್ಲ. ಅಂದು ಅವಳು ತಲೆಯಾಡಿಸಿದ ರೀತಿ ಈಗ ನೆನಪಾಯಿತು. ನಾಚಿಕೆಯೆಂದರೆ ಇದೇ ಇರಬೇಕು. ಗದ್ದಲವಿದ್ದಾಗ ಅದರಲ್ಲಿ ತಲೆ ಮರೆಸಿಕೊಳ್ಳಬಹುದಿತ್ತು. ಈ ನಿಶ್ಶಬ್ದದಲ್ಲಿ ಅವಳು, “ಸರ್, ನೀರು ಕುಡೀತೀರೇನ್ರಿ?” ಎಂದು ಮೆಲ್ಲಗೆ ಕೇಳಿದರೂ ಬೆಚ್ಚಿ ಬೀಳುತ್ತಿದ್ದ.

ಹತ್ತು ದಿನ ತಡೆದ. ಹನ್ನೊಂದನೆಯ ದಿನ ಎದ್ದು ಸಾಹೇಬರ ಕೋಣೆಗೆ ಹೋದ.

“ಸಾರ್, ಆ ಮೂಕರ್ಜಿ ವಿಷಯ...”

“ಯಾವ ಮೂಕರ್ಜಿ?”

“ಅದೇ... ಸದ್ದಿನ ದೂರು ಬಂತು ಅಂದ್ರಲ್ಲ.”

“ಓ, ಅದಾ? ಮೂಕರ್ಜಿ ಯಾಕ್ರೀ, ಜಗದಾಂಬಾನೇ ಬಂದು ಹೇಳಿದ್ಲು. ತನ್ನ ಮಿಷಿನ್ನಿಂದ ಎಲ್ಲರಿಗೂ ತೊಂದರೆ ಆಗ್ತಿದೆ, ಏನಾದ್ರೂ ಮಾಡಿ ಸಾರ್ ಅಂತ. ನೀವು ಜ್ವರ ಅಂತ ರಜೆ ಇದ್ರಲ್ಲ, ಅವತ್ತೇ. ಪಾಪ, ಎರಡು ದಿನ ನಿಮ್ಮ ಟಪಾಲನ್ನೂ ಅವಳೇ ಒಡೆದು ಕೊಟ್ಲು. ಯಾಕೆ, ಏನಾಯ್ತು?”

“ಏನೂ ಇಲ್ಲ ಸಾರ್,” ಎಂದು ಹೊರಬಂದ. ತಪ್ಪು ಒಪ್ಪಿಕೊಳ್ಳಲು ಹೋಗಿ ಅಲ್ಲೂ ಹೇಡಿಯಾದ.

ಜಗದಾಂಬಾ ಊಟಕ್ಕೆ ಹೋಗಿದ್ದಳು. ಗುರುಸಿದ್ದಯ್ಯ ಕುರ್ಚಿಯಲ್ಲಿ ಕುಸಿದು ಹಿಂದಕ್ಕೆ ಒರಗಿದ. ಕೌದಿಯ ಮೂಲೆ ಬೆನ್ನಿಗೆ ತಗುಲಿ ಸರಕ್ಕೆಂದಿತು. ದಿನಾ ಹಾಗೇ ಅನ್ನುತ್ತಿತ್ತು, ರೊಟ್ಟಿ ಒಣಗಿದೆ ಎಂದುಕೊಂಡಿದ್ದ. ಆದರೆ ಇಪ್ಪತ್ತೆರಡು ವರ್ಷ ಕಾಗದದ ಜೊತೆ ಬಾಳಿದವನಿಗೆ ಕಾಗದದ ಸದ್ದು ತಿಳಿಯದೇ?

ಫೈಲು ಹೊಲಿಯುವ ದಬ್ಬಳ ತೆಗೆದು ನಾಲ್ಕು ಹೊಲಿಗೆ ಬಿಡಿಸಿದ. ಬೆರಳಿಗೆ ಸಿಕ್ಕಿದ್ದನ್ನು ಎಳೆದ. ಎಡಗೈಯ ಸೊಟ್ಟ ಅಕ್ಷರ. ಎಡಭಾಗದಲ್ಲಿ, ಅಚ್ಚುಕಟ್ಟಾಗಿ ಮಡಚಿ ಬಿಟ್ಟ ಕಾಲು ಭಾಗ.

ಆ ಜಾಗದಲ್ಲಿ, ಒಂದನೆಯ ದೂರಿನ ಎದುರಿಗೆ, ಜಗದಾಂಬಾಳ ದುಂಡು ಅಕ್ಷರದ ಷರಾ ಇತ್ತು: ‘ಕ್ರಮ ಕೈಗೊಳ್ಳಲಾಗಿದೆ.’

ಎರಡನೆಯದರ ಎದುರಿಗೆ: ‘ಹೆಡ್ ಕ್ಲರ್ಕ್ ಅವರ ಅವಗಾಹನೆಗೆ.’