ನರಿಯ ಎಡಗಿವಿ

ಕರೆಗಂಟೆ ಒತ್ತಿದ ಮೇಲೆ, ಬಾಗಿಲು ತೆರೆಯದಿದ್ದರೆ ಸಾಕಪ್ಪಾ ಅಂದುಕೊಂಡ ಫೋಟೋಗ್ರಾಫರ್. ತೆರೆಯಿತು. ಎದುರಿಗೆ ಮೇಷ್ಟ್ರು. ಅವನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು, ಈ ಸಲದ ಸ್ಪರ್ಧೆಯ ಮುಖ್ಯ ತೀರ್ಪುಗಾರರು.

"ಸಂಜೆ ಹೇಗೂ ವೇದಿಕೆ ಮೇಲೆ ಸಿಗ್ತಿದ್ಯಲ್ಲೋ. ಬಾ ಒಳಗೆ."

ಅದೇ ತೊಂದರೆ. ಸಂಜೆ ವನ್ಯಜೀವಿ ಛಾಯಾಚಿತ್ರದ ಮೊದಲ ಬಹುಮಾನ ಅವನಿಗೆ, ಕೊಡುವವರು ಇವರು. ಎರಡೇ ಮಾರು ದೂರದಿಂದ ತೆಗೆದ ನರಿಯ ಮುಖ, ಬರೀ ಮುಖ. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಆ ಕಣ್ಣಲ್ಲಿ ಇಡೀ ಕಾಡೇ ಇದೆಯಂತೆ. ಕಾಡೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅದು ಗಾಜಿನ ಕಣ್ಣು.

ಆರು ವಾರ ಪೊದೆಯಲ್ಲಿ ಕೂತು ಸೊಳ್ಳೆಗಳಿಗೆ ರಕ್ತದಾನ ಮಾಡಿದ್ದಷ್ಟೇ ಬಂತು. ನಿಜವಾದ ನರಿ ಬಾಲದ ತುದಿಯನ್ನೂ ತೋರಿಸಲಿಲ್ಲ. ಕೊನೆಯ ದಿನಾಂಕ ಹತ್ತಿರ ಬಂದಾಗ, ಹಳೆ ಸಾಮಾನಿನ ಅಂಗಡಿಯಲ್ಲಿ ಹೊಟ್ಟು ತುಂಬಿ ಹೊಲಿದ ನರಿಯೊಂದು ಕಣ್ಣಿಗೆ ಬಿತ್ತು. ಗೋಣಿಚೀಲದಲ್ಲಿ ಸುತ್ತಿ ಕಾಡಿಗೆ ಒಯ್ದ. ಹಿಂಗಾಲಿನ ಮೊಳೆ ಸಡಿಲವಾಗಿ ನರಿ ವಾಲುತ್ತಿತ್ತು. ಕಡ್ಡಿ ಸಿಕ್ಕಿಸಿ ನಿಲ್ಲಿಸಿದ. ಎಡಗಿವಿ ಹರಿದು ಹೊಟ್ಟು ಇಣುಕುತ್ತಿತ್ತು. ಅದಕ್ಕೆ ಎಲೆಗಳನ್ನು ಅಡ್ಡ ತಂದ. ಆ ಉಪಾಯವೂ ಸ್ವಂತದ್ದಲ್ಲ. ಮೇಷ್ಟ್ರ ಪ್ರಖ್ಯಾತ ನರಿಯ ಚಿತ್ರದಿಂದ ಕದ್ದದ್ದು.

ಬಹುಮಾನ ಬಂದ ಸುದ್ದಿಗೆ ಮಗಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು: "ನಮ್ಮಪ್ಪನ್ನ ನೋಡಿ ನರಿ ಸ್ವಲ್ಪಾನೂ ಅಲ್ಲಾಡಲಿಲ್ಲ ಗೊತ್ತಾ?" ಅಂದಿನಿಂದ ಅವನು ಮಗಳ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದ.

ಮೇಷ್ಟ್ರ ಆ ಚಿತ್ರ ಈಗ ಎದುರಿನ ಗೋಡೆಯ ಮೇಲಿತ್ತು. ಮೂವತ್ತು ವರ್ಷದ ಹಿಂದಿನದು. ಎಲೆಗಳ ಮರೆಯಿಂದ ಇಣುಕುವ ಮುಖ, ಕಾಣುವುದು ಬಲಗಿವಿ ಒಂದೇ. ಅದನ್ನು ನೋಡಿಯೇ ಅವನು ಬ್ಯಾಂಕಿನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದದ್ದು. ಈಗ ತಲೆಯೆತ್ತಿ ನೋಡಲೂ ನಾಚಿಕೆಯಾಯಿತು.

"ಮೇಷ್ಟ್ರೇ, ನನಗೆ ಬಹುಮಾನ ಬೇಡ. ನಿಮಗೆ ಮೋಸ ಮಾಡಿದೀನಿ. ಆ ನರಿಗೆ ಜೀವ ಇರಲಿಲ್ಲ."

ಬೈಗುಳಕ್ಕೆ ಕಾದ. ಕಾಡಿನಲ್ಲಿ ಕಾಲಡಿ ತರಗೆಲೆ ಸದ್ದಾದರೂ ಶಿಷ್ಯರನ್ನು ಮನೆಗೆ ಅಟ್ಟುತ್ತಿದ್ದ ಮನುಷ್ಯ ಇವರು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ನೋಡಿದ ತಕ್ಷಣ ಗೊತ್ತಾಯ್ತು ನನಗೆ."

"ಮತ್ತೆ ಮೊದಲ ಬಹುಮಾನ ಕೊಟ್ರಲ್ಲ!"

"ನಾನು ಬೇಡ ಅಂದಿದ್ರೆ, ನಿಮಗೆ ಹೇಗೆ ಗೊತ್ತಾಯ್ತು ಅಂತ ಉಳಿದ ತೀರ್ಪುಗಾರರು ಕೇಳ್ತಿದ್ರು."

ಒರೆಸಿದ್ದನ್ನೇ ಒರೆಸುತ್ತಿದ್ದರು. ತನ್ನಿಂದಾಗಿ ಈ ವಯಸ್ಸಿನಲ್ಲಿ ಇವರೂ ಸುಳ್ಳಿಗೆ ಸಹಿ ಹಾಕಬೇಕಾಯಿತಲ್ಲ ಎಂದು ಅವನು ತನ್ನನ್ನೇ ಶಪಿಸಿಕೊಂಡ. ಮೇಷ್ಟ್ರು ಅವನ ಮುಖ ನೋಡಲಿಲ್ಲ, ಗೋಡೆಯ ಕಡೆ ನೋಡಿದರು.

"ಹಿಂಗಾಲಿನ ಮೊಳೆ ಇನ್ನೂ ಹಾಗೇ ಅಲ್ಲಾಡುತ್ತೇನೋ?"